ಸತ್ರೆ ಎಲ್ಲಿಂದ ಮತ್ತೆ ಶುರು? ಹಳೇ ಗೇಮು, ಇಂಡೀ ಗೇಮು, ಯಾವ್ದು ನಿಮಗೆ

ಹೋದ ತಿಂಗಳು ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. "ಅಣ್ಣಾ, ಸ್ಟೀಮಲ್ಲಿ ಸೇಲ್ ನಡೀತಿದೆ, ನನ್ ಹತ್ರ ಸಾವಿರ ರೂಪಾಯಿ ಇದೆ, ಯಾವ ಗೇಮ್ ತಗೊಳ್ಳಲಿ, ಒಂದೇ ಒಂದು ಹೇಳು, ಲಿಸ್ಟ್ ಬೇಡ." ಸ್ಟೀಮ್ ಅಂದ್ರೆ ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ. ನಾನು ಶುರು ಮಾಡಿದ್ರೆ ಒಂದಕ್ಕೆ ನಿಲ್ಲಲ್ಲ ಅಂತ ಅವನಿಗೆ ಗೊತ್ತು. ನಾನೇ ವಾಪಸ್ ಕೇಳಿದೆ, "ದಿನಕ್ಕೆ ಎಷ್ಟ್ ಹೊತ್ತು ಆಡ್ತೀಯ? ಸೋತ್ರೆ ಎಷ್ಟು ಉರ್ಕೋತೀಯ?" ಮೊದಲನೇದಕ್ಕೆ ಉತ್ತರ ಬಂತು, ಎರಡನೇದಕ್ಕೆ ನಕ್ಕುಬಿಟ್ಟ. ಆದ್ರೆ ಗೇಮ್ ಆರಿಸೋಕೆ ಬೇಕಾಗಿರೋದು ಆ ಎರಡನೇದೇ.

ಗ್ರಾಫಿಕ್ಸ್ ಹೆಂಗಿದೆ, ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಟ್ಟಿದಾರೆ, ಇದೆಲ್ಲ ಎಲ್ಲಿ ಬೇಕಾದ್ರೂ ಸಿಗತ್ತೆ. ನಾನು ಈಗೀಗ ನೋಡೋದು ಇಷ್ಟೇ, ಸತ್ತಾಗ ಈ ಗೇಮು ನನ್ನನ್ನ ಎಷ್ಟು ಹಿಂದಕ್ಕೆ ಕಳಿಸತ್ತೆ. ಒಂದು ರೂಮಷ್ಟಾ, ಅರ್ಧ ಗಂಟೆಯಷ್ಟಾ, ಇಲ್ಲ ಪೂರ್ತಿ ಮೊದಲಿಂದಾನಾ. ಸ್ಕೂಲ್ ರಜದಲ್ಲಿ ಮೊದಲಿಂದ ಶುರು ಮಾಡೋದು ಬೇಜಾರೇ ಅನ್ನಿಸ್ತಿರ್ಲಿಲ್ಲ, ಇನ್ನೇನು ಕೆಲಸ ಇತ್ತು ನಮಗೆ. ಈಗ ಆಫೀಸಿಂದ ಬಂದು ಊಟ ಮಾಡಿ ಮಗಳನ್ನ ಮಲಗಿಸಿ ಕೂರೋ ಹೊತ್ತಿಗೆ ಹತ್ತೂವರೆ, ಹನ್ನೊಂದೂವರೆಗೆ ಕಣ್ಣು ಎಳೀತಿರತ್ತೆ, ಸಿಗೋ ಆ ಒಂದು ಗಂಟೇಲಿ ನಲವತ್ತು ನಿಮಿಷ ಗೇಮು ವಾಪಸ್ ಕಿತ್ಕೊಂಡ್ರೆ ಹೊಟ್ಟೆ ಉರಿಯಲ್ವಾ. ಹಾಗಾಗಿ ಕೆಳಗಿರೋ ಹೋಲಿಕೆ ಎಲ್ಲ, ಹಳೇ ಗೇಮೇ ಆಗ್ಲಿ, ದೊಡ್ಡ ಕಂಪನಿ ಇಲ್ದೆ ಒಬ್ಬಿಬ್ಬರೋ ಸಣ್ಣ ಗುಂಪೋ ಮಾಡಿದ ಇಂಡೀ ಗೇಮೇ ಆಗ್ಲಿ, ಈ ಒಂದೇ ಅಳತೇಲಿ. ಬೇರೆಯವರ ಅಳತೆ ಬೇರೆ ಇರಬಹುದು, ಜಗಳ ಬೇಡ.

ಕಾಂಟ್ರಾನಾ, ಮಾರಿಯೋನಾ

ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ಬೆಳೆದ ನಮಗೆ ನಿಂಟೆಂಡೋ ಅನ್ನೋ ಹೆಸರು ಗೊತ್ತಿರ್ಲಿಲ್ಲ, ಅದು ಬರೀ "ವಿಡಿಯೋ ಗೇಮು". ಫ್ಯಾಮಿಕಾಂ ಅನ್ನೋ ನಿಂಟೆಂಡೋ ಮಷೀನಿನ ನಕಲಿ ಡಬ್ಬ, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ ಮೇಲೆ 9999 ಇನ್ 1 ಅಂತ ಇರೋದು, ಒಳಗೆ ನೋಡಿದ್ರೆ ಹತ್ತಿಪ್ಪತ್ತು ಗೇಮು, ಮಿಕ್ಕಿದ್ದೆಲ್ಲ ಅದೇ ಗೇಮೇ ಬೇರೆ ಬೇರೆ ಲೆವೆಲಿಂದ ಶುರುವಾಗೋದು. ಬರ್ಲಿಲ್ಲ ಅಂದ್ರೆ ಊದಿ ಹಾಕೋದು. ಊದೋದ್ರಿಂದ ಏನೂ ಉಪಯೋಗ ಇಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೇ ಸರಿಹೋಗ್ತಿತ್ತು ಅಂತ ಈಗ ಗೊತ್ತು, ಆದ್ರೂ ಕೈಗೆ ಕ್ಯಾಸೆಟ್ ಸಿಕ್ರೆ ಬಾಯಿ ತಾನಾಗೇ ಊದತ್ತೆ.

ಓಡ್ತಾ ಗುಂಡು ಹಾರಿಸೋ ಗೇಮು ಕಾಂಟ್ರಾ ಮನೆ ಮಷೀನಿಗೆ ಬಂದಿದ್ದು 1988ರಲ್ಲಿ, ಅದಕ್ಕೂ ಒಂದು ವರ್ಷ ಮೊದಲು ಆರ್ಕೇಡಲ್ಲಿತ್ತು. ಆರ್ಕೇಡ್ ಅಂದ್ರೆ ಕಾಯಿನ್ ಹಾಕಿ ಆಡೋದು, ನೀವು ಬೇಗ ಸತ್ರೇನೇ ಅವರಿಗೆ ದುಡ್ಡು, ಆ ಬುದ್ಧಿ ಮನೆಗೂ ಬಂತು. ಒಂದು ಗುಂಡು ತಗುಲಿದ್ರೆ ಪ್ರಾಣ ಹೋಯ್ತು, ಜೊತೆಗೆ ಕೈಲಿರೋ, ಗುಂಡು ಹರಡಿ ಹಾರಿಸೋ ಎಸ್ ಗನ್ನೂ ಹೋಯ್ತು. ಸಾಯದೆ ಆಡಿದ್ರೆ ಎಂಟು ಸ್ಟೇಜು ಅರ್ಧ ಗಂಟೆ ಒಳಗೆ ಮುಗಿದುಹೋಗತ್ತೆ, ಅಷ್ಟು ಚಿಕ್ಕ ಗೇಮು, ನಾವು ಮೂರು ಬೇಸಿಗೆ ಆಡಿದ್ವಿ ಅಂದ್ರೆ ಅದಕ್ಕೆ ಕಾರಣ ಬರೀ ಸಾವು. ಕೊಡೋದು ಮೂರೇ ಲೈಫು. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಒತ್ತಿದ್ರೆ 30 ಲೈಫ್. ಈ ಕೋಡ್ ಮೊದಲು ಹಾಕಿದ್ದು ಕಝುಹಿಸಾ ಹಶಿಮೊಟೊ ಅನ್ನೋ, ಕಾಂಟ್ರಾ ಮಾಡಿದ ಕೊನಾಮಿ ಕಂಪನಿಯ ಪ್ರೋಗ್ರಾಮರ್, 1986ರ ಗ್ರೇಡಿಯಸ್ ಗೇಮಿಗೆ, ಅದೂ ತಾನೇ ಮಾಡ್ತಿದ್ದ ಗೇಮನ್ನ ಟೆಸ್ಟ್ ಮಾಡೋಕೆ ತನಗೇ ಆಗ್ದೆ. ಮಾಡಿದವನಿಗೇ ಕಷ್ಟ ಆಗಿದ್ದನ್ನ ನಾವು ಕೋಡಿಲ್ದೆ ಆಡಬೇಕು ಅಂತ ಹಠ ಹಿಡಿಯೋದ್ರಲ್ಲಿ ಅರ್ಥ ಇಲ್ಲ.

ಆದ್ರೆ ಕಾಂಟ್ರಾ ಒಬ್ಬರೇ ಆಡೋ ಗೇಮಲ್ಲ. ಮೂರನೇ ಸ್ಟೇಜು ಜಲಪಾತ, ಮೇಲೆ ಮೇಲೆ ಹತ್ಕೊಂಡು ಹೋಗ್ಬೇಕು, ಒಬ್ಬ ಬೇಗ ಹತ್ತಿಬಿಟ್ರೆ ಸ್ಕ್ರೀನ್ ಅವನ ಜೊತೆ ಮೇಲೆ ಹೋಗತ್ತೆ, ಕೆಳಗಿರೋನು ಸ್ಕ್ರೀನಿಂದ ಜಾರಿ ಸಾಯ್ತಾನೆ. ನಮ್ಮಣ್ಣ ಬೇಕಂತ್ಲೇ ಹತ್ತೋನು. ಅಮ್ಮ ಬಂದು ವೈರ್ ಕಿತ್ತು ಡಬ್ಬ ಬೀರು ಮೇಲೆ ಇಟ್ಟಿದ್ದು ಎಷ್ಟು ಸಲ ಅಂತ ಲೆಕ್ಕ ಇಲ್ಲ. ಇವತ್ತಿಗೂ ಇಬ್ಬರು ಕೂತು ಒಂದು ಸಂಜೆ ಕಳಿಯೋಕೆ ಇದರ ಮುಂದೆ ಯಾವ ಗೇಮೂ ಇಲ್ಲ, ಜಗಳ ಗ್ಯಾರಂಟಿ.

ಒಬ್ಬರೇ ಇದ್ರೆ ಸೂಪರ್ ಮಾರಿಯೋ ಬ್ರದರ್ಸ್. 1985ರದ್ದು, 32 ಲೆವೆಲ್, ಪೂರ್ತಿ ಗೇಮು ಬರೀ 40 ಕೆಬಿ, ಈಗ ವಾಟ್ಸಾಪಲ್ಲಿ ಬರೋ ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದಪ್ಪ ಇರತ್ತೆ. ಗೇಮ್ ಓವರ್ ಆದ್ರೆ 1-1ಕ್ಕೆ, ಅಂದ್ರೆ ಮೊದಲನೇ ಲೆವೆಲಿಗೆ, ವಾಪಸ್ ಅಂತ ನಾವೆಲ್ಲ ನಂಬಿದ್ವಿ ಅಲ್ವಾ? ಟೈಟಲ್ ಸ್ಕ್ರೀನಲ್ಲಿ ಎ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದ್ರೆ ಸತ್ತ ವರ್ಲ್ಡಿಂದಾನೇ ಶುರುವಾಗತ್ತೆ. ಇದು ನನಗೆ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ. ಆ ರಾತ್ರಿ ನಿದ್ದೆ ಬರ್ಲಿಲ್ಲ ಅಂದ್ರೆ ನಂಬ್ತೀರೋ ಇಲ್ವೋ.

ಇದನ್ನೆಲ್ಲ ಈಗ ಎಲ್ಲಿ ಆಡೋದು ಅಂದ್ರೆ ಎಮ್ಯುಲೇಟರಲ್ಲಿ (ಹಳೇ ಮಷೀನಿನ ಥರ ನಡ್ಕೊಳ್ಳೋ ಸಾಫ್ಟ್‌ವೇರು), ಇಲ್ಲ ಎಸ್‌ಪಿ ರೋಡಲ್ಲಿ ಸಿಗೋ, ಕೈಲಿ ಹಿಡಿದು ಆಡೋ ಆ ಚಿಕ್ಕ ಹ್ಯಾಂಡ್‌ಹೆಲ್ಡಲ್ಲಿ. ನಾನೂ ಅಲ್ಲಿ ಒಂದು ಅಂಗಡೀಲಿ "ಹತ್ತು ಸಾವಿರ ಗೇಮ್ ಇದೆ ಸಾರ್" ಅಂದಿದ್ದಕ್ಕೆ ತಗೊಂಡ್ಬಂದೆ. ಮನೇಲಿ ನೋಡಿದ್ರೆ ಅದೇ ಹಳದಿ ಕ್ಯಾಸೆಟ್ ಕಥೆ, ಹಸಿರು ಮಾರಿಯೋ ನೀಲಿ ಮಾರಿಯೋ, ಮೂವತ್ತು ವರ್ಷ ಆದ್ರೂ ವ್ಯಾಪಾರ ಬದಲಾಗಿಲ್ಲ. ತಗೊಳ್ಳೋ ಮುಂಚೆ ಅಂಗಡೀಲೇ ಮಾರಿಯೋ ಹಾಕಿಸಿ ನಾಕು ಸಲ ಹಾರಿ ನೋಡಿ, ಬಟನ್ ಒತ್ತಿದ್ದಕ್ಕೂ ಹಾರಿದ್ದಕ್ಕೂ ನಡುವೆ ಗ್ಯಾಪ್ ಅನ್ನಿಸಿದ್ರೆ ಬಿಟ್ಟು ಬನ್ನಿ. ಮನೆ ದೊಡ್ಡ ಟಿವೀಲಿ ಆಡೋದಾದ್ರೆ ಗೇಮ್ ಮೋಡ್ ಆನ್ ಮಾಡಿ, ಇಲ್ಲಾಂದ್ರೆ ಅದೇ ಗ್ಯಾಪು. ಆ ಬಾತುಕೋಳಿ ಹೊಡೆಯೋ ಡಕ್ ಹಂಟ್ ಮಾತ್ರ ಮರೆತುಬಿಡಿ, ಆ ಪಿಸ್ತೂಲು ಹಳೇ ಡಬ್ಬ ಟಿವಿಯ ಸ್ಕ್ರೀನ್ ಮಿಂಚೋ ಟೈಮಿಂಗನ್ನೇ ನಂಬ್ಕೊಂಡು ಕೆಲಸ ಮಾಡೋದು, ಹೊಸ ಟಿವಿ ಮುಂದೆ ಅದು ಬರೀ ಪ್ಲಾಸ್ಟಿಕ್ಕು.

ಎಮ್ಯುಲೇಟರಲ್ಲಿ ಸೇವ್ ಸ್ಟೇಟ್ ಅಂತ ಇರತ್ತೆ, ಎಲ್ಲಿ ಬೇಕಾದ್ರೂ ನಿಲ್ಲಿಸಿ ಅಲ್ಲಿಂದಾನೇ ಶುರು ಮಾಡಬಹುದು. ಅದು ಮೋಸ ಅನ್ನೋರಿದಾರೆ. ಕಾಂಟ್ರಾಗೆ ಕಣ್ಮುಚ್ಚಿ ಮಾಡಿ ಅಂತೀನಿ, ಸ್ಟೇಜಿಗೊಂದು ಸೇವ್ ಇಟ್ಕೊಳ್ಳಿ. ಆದ್ರೆ ಇದೇ ಮಾತು ಮುಂದಿನ ಗೇಮಿಗೆ ಹೇಳಲ್ಲ.

ಎರಡು ನೆರಳು

ಪ್ರಿನ್ಸ್ ಆಫ್ ಪರ್ಷಿಯಾ ನಾನು ಮೊದಲು ನೋಡಿದ್ದು ಸ್ಕೂಲ್ ಕಂಪ್ಯೂಟರ್ ಲ್ಯಾಬಲ್ಲಿ. ಗೇಮಲ್ಲಿ ರಾಜಕುಮಾರಿನ ಬಿಡಿಸೋಕೆ 60 ನಿಮಿಷ ಕೊಡ್ತಾರೆ, ನಿಜವಾದ 60 ನಿಮಿಷ. ನಮ್ಮ ಪೀರಿಯಡ್ಡು ನಲವತ್ತು ನಿಮಿಷ. ಅಂದ್ರೆ ನಮ್ಮ ಕ್ಲಾಸಲ್ಲಿ ಯಾರೂ ಆ ಗೇಮು ಮುಗಿಸೋ ಚಾನ್ಸೇ ಇರ್ಲಿಲ್ಲ, ಆದ್ರೂ ಸೀಟಿಗೆ ಓಡ್ತಿದ್ವಿ. ಸತ್ರೆ ಲೆವೆಲ್ ಮೊದಲಿಂದ, ಅಷ್ಟೇ ಆಗಿದ್ರೆ ಪರ್ವಾಗಿಲ್ಲ, ಗಡಿಯಾರ ಮಾತ್ರ ಹಿಂದಕ್ಕೆ ಹೋಗಲ್ಲ. ಲೈಫ್ ಎಷ್ಟು ಬೇಕಾದ್ರೂ ಇದೆ, ಟೈಮೇ ಇಲ್ಲ. ಹಾಗಾಗಿ ಮುಳ್ಳಿನ ಮುಂದೆ ಶಿಫ್ಟ್ ಒತ್ತಿ ಒಂದೊಂದೇ ಹೆಜ್ಜೆ ಇಡುವಾಗ್ಲೂ ಒಳಗೆ ಏನೋ ಓಡ್ತಿರತ್ತೆ. ಇದರಲ್ಲಿ ಸೇವ್ ಸ್ಟೇಟ್ ಹಾಕ್ಕೊಂಡು ಆಡಿದ್ರೆ ಸಾರಲ್ಲಿ ಉಪ್ಪು ತೆಗೆದಂಗೆ.

1989ರಲ್ಲಿ ಜೋರ್ಡನ್ ಮೆಕ್ನರ್ ಇದನ್ನ ಆಪಲ್ 2 ಕಂಪ್ಯೂಟರಿಗೆ ಮಾಡಿದ್ದು. ತನ್ನ ತಮ್ಮನನ್ನ ಓಡ್ಸಿ ಹಾರ್ಸಿ ವಿಡಿಯೋ ಮಾಡ್ಕೊಂಡು, ಅದರ ಒಂದೊಂದು ಫ್ರೇಮ್ ನೋಡಿ ರಾಜಕುಮಾರನ ಚಿತ್ರ ಬರೆದ. ಆ ಚಿತ್ರಗಳೇ ಮೆಮರಿ ತಿಂದುಹಾಕಿ, ಶತ್ರು ಅಂತ ಬೇರೆ ಪಾತ್ರ ಹಾಕೋಕೆ ಜಾಗ ಇಲ್ಲ ಅನ್ನೋ ಸ್ಥಿತಿ ಬಂತು. ಆಗ ಹೊಳೆದಿದ್ದು ರಾಜಕುಮಾರನ ಅದೇ ಚಿತ್ರಗಳನ್ನ ಬಣ್ಣ ಕೆಡಿಸಿ ಅವನದೇ ನೆರಳಾಗಿ ಓಡಿಸೋದು. ನಾಲ್ಕನೇ ಲೆವೆಲಲ್ಲಿ ಕನ್ನಡಿಗೆ ಹಾರಿ ಒಡೆದುಕೊಂಡು ಹೋಗ್ತೀವಲ್ಲ, ಅಲ್ಲಿಂದ ಹುಟ್ಟತ್ತೆ ಅದು. ಹನ್ನೆರಡನೇ ಲೆವೆಲಲ್ಲಿ ಎದುರು ನಿಲ್ಲತ್ತೆ, ಕತ್ತಿ ಹೊಡೆದ್ರೆ ಅದಕ್ಕೂ ಏಟು, ನಿಮಗೂ ಏಟು. ಕತ್ತಿ ಒಳಗಿಟ್ಟು ಸುಮ್ನೆ ಅದರೊಳಗೆ ನಡ್ಕೊಂಡು ಹೋಗ್ಬೇಕು, ಆಗ ಎರಡೂ ಒಂದಾಗತ್ತೆ. ಜಾಗ ಇಲ್ದೆ ಮಾಡಿದ ಅಡ್ಜಸ್ಟ್‌ಮೆಂಟು ಗುರು ಅದು, ಇಡೀ ಗೇಮಲ್ಲಿ ನೆನಪಲ್ಲಿ ಉಳಿಯೋದು ಅದೇ.

ಈಗ ಹಾಲೋ ನೈಟ್ ತಗೊಳ್ಳಿ. 2017, ಆಸ್ಟ್ರೇಲಿಯಾದ ಅಡಿಲೇಡಲ್ಲಿ ಟೀಮ್ ಚೆರ್ರಿ ಅಂತ ಮೂರ್ನಾಲ್ಕು ಜನದ ಗುಂಪು, ಕಿಕ್‌ಸ್ಟಾರ್ಟರ್ ಅನ್ನೋ ಸೈಟಲ್ಲಿ ಜನರಿಂದ ದುಡ್ಡೆತ್ತಿ ಮಾಡಿದ್ದು. ಇದರಲ್ಲೂ ನೆರಳಿದೆ! ಸತ್ರೆ ಕೊನೇಗೆ ಕೂತಿದ್ದ ಬೆಂಚಿಗೆ (ಸೇವ್ ಆಗೋದು ಅಲ್ಲೇ) ವಾಪಸ್, ಕೈಲಿದ್ದ ಜಿಯೋ, ಅಂದ್ರೆ ದುಡ್ಡು, ಎಲ್ಲ ಸತ್ತ ಜಾಗದಲ್ಲೇ ನಿಮ್ಮದೇ ನೆರಳು ಇಟ್ಕೊಂಡು ತೇಲ್ತಿರತ್ತೆ. ಹೋಗಿ ಅದನ್ನ ಹೊಡೆದ್ರೆ ದುಡ್ಡು ಸಿಗತ್ತೆ, ದಾರೀಲಿ ಮತ್ತೆ ಸತ್ರೆ ಪೂರ್ತಿ ಗೋವಿಂದ. ಸೋಲ್ ಮಾಸ್ಟರ್ ಅನ್ನೋ ಬಾಸ್ ಹತ್ರ ನಾನು ಎರಡು ವಾರ ಸಿಕ್ಕಾಕೊಂಡಿದ್ದೆ, ಅವನು ಒಂದ್ಸಲ ಸತ್ತಂಗೆ ನಾಟಕ ಮಾಡಿ ಎದ್ದು ಬರ್ತಾನೆ, ಮೊದಲನೇ ಸಲ ನಾನು ಗೆದ್ದೆ ಅಂತ ಕಂಟ್ರೋಲರ್ ಕೆಳಗಿಟ್ಟಿದ್ದೆ, ಥೂ. ಅಲ್ಲಿ 1,800 ಜಿಯೋ ಹೋಯ್ತು.

ಎರಡರಲ್ಲಿ ಯಾವ್ದು ಅಂದ್ರೆ, ಪ್ರಿನ್ಸ್ ನಿಮ್ಮಿಂದ ಟೈಮ್ ಕಿತ್ಕೊಳತ್ತೆ, ಹಾಲೋ ನೈಟ್ ದುಡ್ಡು ಮತ್ತೆ ದಾರಿ ಕಿತ್ಕೊಳತ್ತೆ. ಪ್ರಿನ್ಸ್ ಒಂದು ಭಾನುವಾರದ ಗೇಮು. ಹಾಲೋ ನೈಟ್ ಮೂರು ತಿಂಗಳ ಗೇಮು, ಅದೂ ಶುರುವಿನ ನಾಲ್ಕೈದು ಗಂಟೆ ಏನಪ್ಪಾ ಇದು ಬೂದು ಬಣ್ಣ ಅನ್ನಿಸತ್ತೆ, ಹೊಸ ಜಾಗಕ್ಕೆ ಹೋದಾಗ ಮ್ಯಾಪೂ ಇರಲ್ಲ. ಕಾರ್ನಿಫರ್ ಅಂತ ಒಬ್ಬ ಮ್ಯಾಪ್ ಬರೆಯೋನು ಎಲ್ಲೋ ಕೂತು ಗುನುಗ್ತಿರ್ತಾನೆ, ನೆಲದ ಮೇಲೆ ಕಾಗದ ಬಿದ್ದಿರತ್ತೆ, ಅದನ್ನ ಹಿಡ್ಕೊಂಡು ಹುಡುಕಬೇಕು. ಹಳೇ ಬೆಂಗಳೂರಲ್ಲಿ ಅಡ್ರೆಸ್ ಹುಡುಕಿದಂಗೆ, ಟೀ ಅಂಗಡಿಯವನನ್ನ ಕೇಳು ಅವನು ಹೇಳ್ತಾನೆ ಅನ್ನೋ ಥರ. ನನಗೆ ಆ ಕಳೆದುಹೋಗೋದೇ ಇಷ್ಟ. ವಾರಕ್ಕೆ ಎರಡು ದಿನ ಮಾತ್ರ ಆಡೋರಾದ್ರೆ ಬೇಡ, ಎಲ್ಲಿದ್ದೆ ಅನ್ನೋದೇ ಮರೆತುಹೋಗತ್ತೆ. ಇದರ ಮುಂದಿನ ಗೇಮು ಸಿಲ್ಕ್‌ಸಾಂಗ್, 2019ರಲ್ಲಿ ಘೋಷಣೆ ಮಾಡಿ 2025ರ ಸೆಪ್ಟೆಂಬರಲ್ಲಿ ಕೊನೆಗೂ ಬಂತು, ಅದು ಇನ್ನೂ ಕ್ರೂರಿ, ಹಾಲೋ ನೈಟ್ ಮುಗಿಸದೆ ಅದನ್ನ ಮುಟ್ಟಬೇಡಿ.

ಸೆಲೆಸ್ಟ್

ಒಂದೇ ಒಂದು ಹೇಳು ಅಂದಿದ್ನಲ್ಲ ಚಿಕ್ಕಮ್ಮನ ಮಗ, ನಾನು ಹೇಳಿದ್ದು ಇದು. 2018. ಮ್ಯಾಡಿ ಥಾರ್ಸನ್, ನೋಯೆಲ್ ಬೆರ್ರಿ ಇಬ್ಬರು ಮೊದಲು ನಾಲ್ಕು ದಿನದಲ್ಲಿ ಪಿಕೋ-8 ಅನ್ನೋ, ಪುಟ್ಟ ಗೇಮ್ ಮಾಡೋ ಸಾಫ್ಟ್‌ವೇರಿಗೆ ಒಂದು ಪುಟಾಣಿ ಗೇಮ್ ಮಾಡಿದ್ರು, ಆಮೇಲೆ ಅದೇ ಬೆಳೆದು ಇದಾಯ್ತು. ಮ್ಯಾಡಲಿನ್ ಅನ್ನೋ ಹುಡುಗಿ ಬೆಟ್ಟ ಹತ್ತೋದು, ಹಾರು, ಗೋಡೆ ಹಿಡಿ, ಗಾಳೀಲಿ ಒಂದ್ಸಲ ಡ್ಯಾಶ್ ಮಾಡು, ಇಷ್ಟೇ. ಸತ್ರೆ ಅದೇ ರೂಮಿನ ಶುರುವಿಗೆ, ಒಂದು ಸೆಕೆಂಡಲ್ಲಿ, ಬಯ್ಯೋಕೂ ಟೈಮ್ ಸಿಗಲ್ಲ. ಎಷ್ಟು ಸಲ ಸತ್ರಿ ಅಂತ ಲೆಕ್ಕ ಇಡತ್ತೆ, ಜೊತೆಗೆ ಆ ಲೆಕ್ಕ ನೋಡಿ ಹೆಮ್ಮೆ ಪಡು ಅಂತ ಒಂದು ಪೋಸ್ಟ್‌ಕಾರ್ಡೂ ತೋರ್ಸತ್ತೆ. ನಂದು 2,386. ಕಾಂಟ್ರಾದಲ್ಲಿ ಇಷ್ಟು ಸಲ ಸತ್ತಿದ್ರೆ ಡಬ್ಬ ಬೀರು ಮೇಲಲ್ಲ, ಗುಜರಿಗೆ ಹೋಗ್ತಿತ್ತು.

ಇನ್ನೊಂದು ಗುಟ್ಟು, ಅಂಚು ದಾಟಿ ಕಾಲು ಗಾಳಿಗೆ ಬಂದ ಮೇಲೂ ಕಣ್ಣು ಮಿಟುಕಿಸೋಷ್ಟು ಹೊತ್ತು ಹಾರೋಕೆ ಬಿಡತ್ತೆ. ನಮಗೆ ಗೊತ್ತಾಗದಂಗೆ ಕೈ ಹಿಡಿಯತ್ತೆ. ಮಾರಿಯೋದಲ್ಲಿ ಅಂಚು ಅಂದ್ರೆ ಅಂಚೇ. ಅಷ್ಟಾದ್ರೂ ಕಷ್ಟ ಅನ್ನಿಸಿದ್ರೆ ಅಸಿಸ್ಟ್ ಮೋಡಲ್ಲಿ ಗೇಮಿನ ವೇಗವನ್ನೇ ಅರ್ಧಕ್ಕೆ ಇಳಿಸಬಹುದು. ಸ್ಟ್ರಾಬೆರಿ ಸಿಗತ್ತೆ ಅಲ್ಲಲ್ಲಿ, 175, ಅದರಿಂದ ದಾರಿಯೇನೂ ತೆರೆಯಲ್ಲ, ಆದ್ರೂ ಬಿಡೋಕೆ ಮನಸ್ಸಾಗಲ್ಲ.

ಮೆಟ್ರೋದಲ್ಲಿ

ವಿಜಯನಗರದಿಂದ ಕುಂದಲಹಳ್ಳಿ ತನಕ ಪರ್ಪಲ್ ಲೈನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಮೆಜೆಸ್ಟಿಕ್ ಬಂತು ಅಂದ್ರೆ ಕೈ ಎತ್ತೋಕೂ ಜಾಗ ಇರಲ್ಲ, ಹಾಗಾಗಿ ಮೊಬೈಲಲ್ಲಿ ಒಂದು ಬೆರಳಲ್ಲಿ ಆಡಬೇಕು, ಅಂಡರ್‌ಗ್ರೌಂಡಲ್ಲಿ ಸಿಗ್ನಲ್ ಹೋದ್ರೂ ನಡೀಬೇಕು. ಬಾಲಾಟ್ರೋ ಇಲ್ಲಿಗೆ ಹೇಳಿ ಮಾಡ್ಸಿದಂಗಿದೆ. ಪೋಕರ್ ಎಲೆ, ಆದ್ರೆ ಜೂಜಲ್ಲ, ದುಡ್ಡು ಕಟ್ಟೋ ಕೆಲಸ ಇಲ್ಲ, 150 ಥರದ ಜೋಕರುಗಳು ಸೇರಿ ಲೆಕ್ಕ ಗುಣಿಸ್ತಾ ಹೋಗತ್ತೆ. ಕೆನಡಾದ ಲೋಕಲ್‌ಥಂಕ್ ಅನ್ನೋ ಅಡ್ಡಹೆಸರಿನ ಒಬ್ಬ ಮನುಷ್ಯ ಮಾಡಿದ್ದು, 2024. ಸೋತ್ರೆ ಪೂರ್ತಿ ಮೊದಲಿಂದ, ಆದ್ರೆ ಆ ಪೂರ್ತಿ ಅನ್ನೋದೇ ಮುಕ್ಕಾಲು ಗಂಟೆ. ರಮ್ಮಿ ಗೊತ್ತಿರೋರಿಗೆ ಹತ್ತು ನಿಮಿಷದಲ್ಲಿ ಬರತ್ತೆ. ಒಂದೇ ಎಚ್ಚರಿಕೆ, ನಾನು ಎರಡು ಸಲ ಸ್ಟೇಷನ್ ದಾಟಿ ಹೋಗಿದೀನಿ.

ವ್ಯಾಂಪೈರ್ ಸರ್ವೈವರ್ಸ್ ಮೊಬೈಲಲ್ಲಿ ಫ್ರೀ, ಬರೀ ನಡೆಯೋದು, ಆಯುಧ ಎಲ್ಲ ತಾನಾಗೇ ಹೊಡೆಯತ್ತೆ, ಮೂವತ್ತನೇ ನಿಮಿಷಕ್ಕೆ ಸಾವೇ ಸ್ವತಃ ಬಂದು ಮುಗಿಸತ್ತೆ. ಒಂದು ವಾರ ಹುಚ್ಚು, ಆಮೇಲೆ ಬೇಜಾರು. ಸ್ಪೆಲಂಕಿ ಕಂಪ್ಯೂಟರಲ್ಲೋ ಕನ್ಸೋಲಲ್ಲೋ ಆಡಬೇಕು, ಐದು ನಿಮಿಷಕ್ಕೊಂದ್ಸಲ ಸಾಯ್ತೀರ, ಪ್ರತೀ ಸಲ ಗುಹೆಯೇ ಬೇರೆ. ಅದರಲ್ಲಿ ಅಂಗಡಿಯವನ ಸಾಮಾನು ಮಾತ್ರ ಕದೀಬೇಡಿ. ಇಷ್ಟು ಸಾಕು ಅದರ ಬಗ್ಗೆ.

ಸಾಯೋದೇ ಬೇಡ ಅನ್ನೋರಿಗೆ

ಅಂಡರ್‌ಟೇಲ್ ಇದೆ, 2015, ಟೋಬಿ ಫಾಕ್ಸ್ ಹೆಚ್ಚುಕಮ್ಮಿ ಒಬ್ಬನೇ ಮಾಡಿದ್ದು, ಯಾರನ್ನೂ ಕೊಲ್ಲದೆ ಪೂರ್ತಿ ಮುಗಿಸಬಹುದು. ನಾನು ಶುರುವಲ್ಲೇ ತಪ್ಪಾಗಿ ಒಬ್ಬಳನ್ನ ಕೊಂದು, ಅಯ್ಯೋ ಅಂತ ಸೇವ್ ಲೋಡ್ ಮಾಡಿ ಈ ಸಲ ಬಿಟ್ಟುಬಿಟ್ಟೆ, ಮುಂದೆ ಒಂದು ಹೂವು ಬಂದು ನೀನು ಏನ್ ಮಾಡ್ದೆ ಗೊತ್ತು ಅಂತು. ಮೈ ಜುಮ್ಮಂತು. ಉಳಿದೆಲ್ಲ ಗೇಮಲ್ಲಿ ಹಿಂದಕ್ಕೆ ಹೋಗೋದು ನಮ್ಮ ಹಕ್ಕು, ಇದರಲ್ಲಿ ಅದಕ್ಕೂ ಸಾಕ್ಷಿ ಇದೆ. ಇಂಗ್ಲಿಷ್ ಓದೋಕೆ ಬೇಜಾರಿಲ್ಲದೋರು ಆಡಿ, ಬರೀ ಮಾತು.

ವೆಂಬಾ, 2023, ಕೆನಡಾಗೆ ಹೋದ ತಮಿಳು ಮನೆಯ ಕಥೆ, ಅಡುಗೆ ಮಾಡೋದೇ ಆಟ. ಅಮ್ಮನ ಅಡುಗೆ ಪುಸ್ತಕ ಅರ್ಧ ಅಳಿಸಿಹೋಗಿರತ್ತೆ, ಮೊದಲನೇ ಅಡುಗೇನೇ ಇಡ್ಲಿ, ತಟ್ಟೆ ಹೆಂಗೆ ಜೋಡಿಸಿದ್ರೆ ಹಬೆ ಮೇಲಿನ ತನಕ ಹೋಗತ್ತೆ ಅನ್ನೋದೇ ಪಝಲ್. ಅಮೆರಿಕದೋರಿಗೆ ಪಝಲ್, ನಮ್ಮನೇಲಿ ಅದು ಬೆಳಗಿನ ಏಳು ಗಂಟೆ. ಎರಡು ಗಂಟೆ ಒಳಗೆ ಮುಗಿಯತ್ತೆ, ದುಡ್ಡಿಗೆ ಗಂಟೆ ಲೆಕ್ಕ ಹಾಕೋರು ಸೇಲ್ ಬರೋ ತನಕ ಕಾಯಿರಿ. ಅಂದಹಾಗೆ ಸ್ಟೀಮಲ್ಲಿ ಯಾವ ಗೇಮೇ ಆಗ್ಲಿ, ತಗೊಂಡು 14 ದಿನದ ಒಳಗೆ, ಆಡಿದ್ದು ಎರಡು ಗಂಟೆಗಿಂತ ಕಮ್ಮಿ ಇದ್ರೆ ವಾಪಸ್ ಕೊಟ್ಟು ದುಡ್ಡು ತಗೋಬಹುದು, ಹಾಗಾಗಿ ಹೆದರ್ಕೊಂಡು ಕೂರಬೇಡಿ.

ಕೊನೇದಾಗಿ ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಒಬ್ಬನೇ ನಾಲ್ಕು ವರ್ಷಕ್ಕೂ ಮೇಲೆ ಕೂತು ಚಿತ್ರ, ಮ್ಯೂಸಿಕ್, ಕೋಡು ಎಲ್ಲ ಮಾಡಿ 2016ರಲ್ಲಿ ಬಿಟ್ಟ. ಪಟ್ಟಣದ ಕೆಲಸ ಬಿಟ್ಟು ತಾತನ ಹೊಲಕ್ಕೆ ಹೋಗೋದು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ಅರ್ಧ ಜನರ ಕನಸು. ಇಲ್ಲಿ ಸಾವು ಅಂತ ದೊಡ್ಡದಾಗಿ ಇಲ್ಲ, ಆದ್ರೆ ಟೈಮಿದೆ. ಗೇಮಿನ ಒಂದು ದಿನ ನಮ್ಮ ಸುಮಾರು ಹದಿನಾಲ್ಕು ನಿಮಿಷ, ರಾತ್ರಿ ಎರಡರ ಒಳಗೆ ಮಲಗ್ಲಿಲ್ಲ ಅಂದ್ರೆ ನಿಂತಲ್ಲೇ ಬೀಳ್ತೀರ. ಮಲಗಿದಾಗ ಮಾತ್ರ ಸೇವ್ ಆಗೋದು, ನಮ್ಮನೇಲಿ ಯುಪಿಎಸ್ ಇಲ್ಲ, ಮಳೆ ಬಂದು ಕರೆಂಟ್ ಹೋಗಿ ನಂದು ಎಷ್ಟು ದಿನ ಹಿಂಗೇ ಹಾಳಾಗಿದೆಯೋ. ಒಂದು ಋತುವಿಗೆ 28 ದಿನ, ಋತು ಮುಗಿಯೋ ಮುಂಚೆ ಬೆಳೆ ಬರ್ಲಿಲ್ಲ ಅಂದ್ರೆ ಒಣಗಿಹೋಗತ್ತೆ, ಅದೇ ಇದರಲ್ಲಿರೋ ಸಾವು. ಹನ್ನೊಂದೂವರೆಗೆ ಮಲಗಬೇಕು ಅನ್ನೋರಿಗೆ ನಾನಿದನ್ನ ಹೇಳಲ್ಲ, ಇನ್ನೊಂದೇ ದಿನ ಅಂತ ಶುರುವಾಗಿ ಹಾಲಿನವನು ಬಂದಿರ್ತಾನೆ. ಮೀನು ಹಿಡಿಯೋದು ಮಾತ್ರ ನನ್ನ ಕೈಲಿ ಇವತ್ತಿಗೂ ಆಗಿಲ್ಲ.

ಚಿಕ್ಕಮ್ಮನ ಮಗ ಸೆಲೆಸ್ಟ್ ಬೇಡ ಅಂತ ಇದನ್ನೇ ತಗೊಂಡ. ಮೊನ್ನೆ ಜೆಪಿ ನಗರಕ್ಕೆ ಹೋಗಿದ್ದೆ, ಲ್ಯಾಪ್‌ಟಾಪ್ ಡೈನಿಂಗ್ ಟೇಬಲ್ ಮೇಲಿದೆ, ಆಡ್ತಾ ಇರೋದು ಚಿಕ್ಕಮ್ಮ. ಅವನು ಪಕ್ಕದಲ್ಲಿ ಮುಖ ಊದಿಸ್ಕೊಂಡು ಕೂತಿದಾನೆ. ಚಿಕ್ಕಮ್ಮಂಗೆ ಗೇಮ್ ಬಗ್ಗೆ ಇದ್ದಿದ್ದು ಒಂದೇ ತಕರಾರು, "ಅಲ್ವೋ, ಚಳಿಗಾಲ ಬಂತು, ಹೊಲದಲ್ಲಿ ಏನ್ ಹಾಕಿದ್ರೂ ಆಗ್ತಾ ಇಲ್ಲ. ಅವರೇಕಾಯಿ ಸೀಸನ್ನೇ ಚಳಿಗಾಲ ಅಲ್ವೇನೋ? ಇದನ್ನ ಮಾಡಿದೋನಿಗೆ ಅಷ್ಟೂ ಗೊತ್ತಿಲ್ವಾ?"